‘ಚೆಮ್ಮೀನ್’ ಕಥೆಯನ್ನು ನಮ್ಮ ಕರಾವಳಿಗೆ ತರಬಹುದೇ?

ಪ್ರಶ್ನೆ: ತಕಳಿ ಶಿವಶಂಕರ ಪಿಳ್ಳೆಯವರ ‘ಚೆಮ್ಮೀನ್’ ಕಾದಂಬರಿ ಓದಿದ್ದೇವೆ, ರಾಮು ಕಾರ್ಯಾಟ್ ಅವರ ಸಿನಿಮಾವನ್ನೂ ನೋಡಿದ್ದೇವೆ. ಕುಂದಾಪುರದ ಕಡೆಯ ನಾವು ನಾಲ್ಕೈದು ಗೆಳೆಯರು ಅದೇ ಕಥೆಯನ್ನು ನಮ್ಮ ಮೀನುಗಾರರ ಬದುಕಿಗೆ ಹೊಂದಿಸಿ ಎರಡು ಗಂಟೆಯ ಚಿತ್ರಕಥೆ ಬರೆಯಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡಬೇಕು? ಹೆಂಡತಿ ತಪ್ಪಿದರೆ ಕಡಲಿಗೆ ಹೋದ ಗಂಡನನ್ನು ಕಡಲಮ್ಮ ನುಂಗುತ್ತಾಳೆ ಎಂಬ ಮೂಢನಂಬಿಕೆಯನ್ನೇ ಕೊನೆಗೆ ಕಥೆ ನಿಜ ಮಾಡುತ್ತದೆ ಎಂಬ ಆಕ್ಷೇಪಕ್ಕೆ ಏನು ಮಾಡಬೇಕು? ಹಕ್ಕನ್ನು ಯಾರಿಂದ, ಹೇಗೆ ಪಡೆಯಬೇಕು?

ಉತ್ತರ:

ತರಬಹುದು. ಆದರೆ ಮೀನುಗಾರರ ಹುಡುಗಿ ಕರುತ್ತಮ್ಮ ಮತ್ತು ಮೀನಿನ ವ್ಯಾಪಾರಿ ಪರೀಕುಟ್ಟಿಯ ಪ್ರೇಮದಿಂದ ಶುರು ಮಾಡಬೇಡಿ, ಅವಳ ಅಪ್ಪ ಚೆಂಬನ್‌ಕುಂಞು ಮಾಡಿದ ಸಾಲದಿಂದ ಶುರು ಮಾಡಿ.

ನಿಷಿದ್ಧ ಪ್ರೇಮದ ಕಾದಂಬರಿಗಳು ಸಿನಿಮಾ ಆಗುವಾಗ ಕೆಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಪ್ರೇಮವನ್ನು ತೋರಿಸಲು ಎಲ್ಲ ಶ್ರಮವನ್ನೂ ಹಾಕಿ, ನಿಷೇಧವನ್ನು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ‘ಊರು ಒಪ್ಪುವುದಿಲ್ಲ ಮಗಳೇ’ ಎಂದು ತಾಯಿಯ ಬಾಯಲ್ಲಿ ಹೇಳಿಸಿದರೆ ನೋಡುವವರಿಗೆ ಊರು ಕಾಣುವುದಿಲ್ಲ. ಇಬ್ಬರೂ ಓಡಿಹೋಗಬಹುದಲ್ಲ ಎಂಬ ಪ್ರಶ್ನೆ ಇಪ್ಪತ್ತನೇ ನಿಮಿಷಕ್ಕೇ ಏಳುತ್ತದೆ. ಅದಕ್ಕೆ ದೃಶ್ಯದಲ್ಲೇ ಉತ್ತರ ಸಿಗದಿದ್ದರೆ ಮುಂದಿನ ನೂರು ನಿಮಿಷ ಬರೀ ಅಳು.

‘ಚೆಮ್ಮೀನ್’ನಲ್ಲಿ ಉತ್ತರ ಇದೆ. ಕಥೆ ತೆರೆದುಕೊಳ್ಳುವುದೇ ದೋಣಿ ಮತ್ತು ಬಲೆಯ ಮಾತಿನಿಂದ. ತಂದೆ ದೋಣಿ ಕೊಳ್ಳುತ್ತಾನೆ ಎಂದು ಕರುತ್ತಮ್ಮ ಹೇಳುತ್ತಾಳೆ. ಕೈಯಲ್ಲಿ ದುಡ್ಡಿಲ್ಲದ ಚೆಂಬನ್‌ಕುಂಞು ಸಣ್ಣ ವ್ಯಾಪಾರಿಯಾದ ಪರೀಕುಟ್ಟಿಯಿಂದ ಹಣವನ್ನೂ ಒಣಮೀನನ್ನೂ ಪಡೆಯುತ್ತಾನೆ. ಒಣಮೀನಿನ ಸಾಗಣೆ ರಾತ್ರಿಯ ಕತ್ತಲಲ್ಲಿ ನಡೆಯುತ್ತದೆ. ದೋಣಿ ಬಂದು ಮೊದಲ ಮೀನು ದಡಕ್ಕೆ ಬಿದ್ದಾಗ ಪರೀಕುಟ್ಟಿ ಕೊಳ್ಳಲು ಹೋದರೆ ಚೆಂಬನ್‌ಕುಂಞು ನಗದು ಕೇಳುತ್ತಾನೆ. ಇಡೀ ಕಥೆಯಲ್ಲಿ ಇದಕ್ಕಿಂತ ಕ್ರೂರವಾದ ದೃಶ್ಯವಿಲ್ಲ, ಅದರಲ್ಲಿ ಯಾರೂ ಯಾರಿಗೂ ಹೊಡೆಯುವುದಿಲ್ಲ. ಪರೀಕುಟ್ಟಿಯ ವ್ಯಾಪಾರ ಸೊರಗುತ್ತಾ ಹೋಗುವುದನ್ನು ಕರುತ್ತಮ್ಮ ದಿನವೂ ನೋಡಬೇಕು. ಆ ಋಣವನ್ನು ತೀರಿಸು ಎಂದು ಅವಳು ಅಪ್ಪನ ಬೆನ್ನು ಹತ್ತುತ್ತಾಳೆ. ಅವನು ಮುಸ್ಲಿಮ್, ಅವಳು ಮೀನು ಹಿಡಿಯುವ ಮುಕ್ಕುವ ಜಾತಿಯ ಹುಡುಗಿ ಎಂಬುದು ಮೊದಲ ಗೋಡೆ. ಎರಡನೆಯ ಗೋಡೆ ತನ್ನ ಮನೆಯವರೇ ಅವನನ್ನು ಬರಿಗೈ ಮಾಡಿದ್ದಾರೆ ಎಂಬ ನಾಚಿಕೆ. ಓಡಿಹೋಗದಂತೆ ಅವಳನ್ನು ಕಟ್ಟಿಹಾಕುವುದು ಈ ಎರಡನೆಯದೇ ಹೆಚ್ಚು.

ಆದ್ದರಿಂದ ಬರೆಯಲು ಕೂರುವ ಮೊದಲು ನಿಷೇಧದ್ದೇ ಒಂದು ಲೆಕ್ಕದ ಪುಸ್ತಕ ಮಾಡಿ. ಎಡಗಡೆ ಆ ಇಬ್ಬರನ್ನು ತಡೆಯುವ ಪ್ರತಿಯೊಂದು ಶಕ್ತಿಯನ್ನೂ ಬರೆಯಿರಿ: ಧರ್ಮ, ಕಡಲಮ್ಮನ ನಂಬಿಕೆ, ಸಾಲ, ದೋಣಿ ಇಟ್ಟುಕೊಳ್ಳುವ ಹಕ್ಕು, ತಂಗಿಯ ಮದುವೆ, ದಡದ ಹೆಂಗಸರ ಬಾಯಿ. ಬಲಗಡೆ ಅದು ಯಾವ ವಸ್ತುವಾಗಿ ಅಥವಾ ಯಾವ ಕೆಲಸವಾಗಿ ಕಣ್ಣಿಗೆ ಕಾಣುತ್ತದೆ ಎಂದು ಬರೆಯಿರಿ. ಬಲಗಡೆ ಖಾಲಿ ಉಳಿದ ಸಾಲು ಸಿನಿಮಾದಲ್ಲಿ ಇರುವುದಿಲ್ಲ, ನೀವು ಎಷ್ಟೇ ಸಂಭಾಷಣೆ ಬರೆದರೂ ಇರುವುದಿಲ್ಲ. ಸಿನಿಮಾದಲ್ಲಿ ದೋಣಿಹಕ್ಕಿನ ಸಂಗತಿಗೆ ಆದದ್ದು ಇದೇ. ಕಾದಂಬರಿಯಲ್ಲಿ ದಡದೊಳಗೇ ಮೇಲುಕೀಳುಗಳಿವೆ. ದೋಣಿ ಬಲೆ ಇಟ್ಟುಕೊಳ್ಳುವುದು ಎಲ್ಲರಿಗೂ ಸಲ್ಲುವ ಮಾತಲ್ಲ, ಮುಕ್ಕುವನಾದ ಚೆಂಬನ್‌ಕುಂಞು ದಡದ ಯಜಮಾನನ ಒಪ್ಪಿಗೆ ಪಡೆಯಬೇಕು. ತಕಳಿಯವರು ಇದಕ್ಕೆ ಕೊಟ್ಟ ಜಾಗ ಸಿನಿಮಾದಲ್ಲಿ ಸಿಕ್ಕಿಲ್ಲ. ಹಾಗಾಗಿ ತೆರೆಯ ಮೇಲಿನ ಚೆಂಬನ್‌ಕುಂಞು ಬರೀ ಆಸೆಬುರುಕನಂತೆ ಕಾಣುತ್ತಾನೆ. ಕೊಟ್ಟಾರಕ್ಕರ ಶ್ರೀಧರನ್ ನಾಯರ್ ಅವರ ಅಭಿನಯದ ಬಲದಿಂದಷ್ಟೇ ಅವನು ಮನುಷ್ಯನಾಗಿ ಉಳಿಯುತ್ತಾನೆ.

ಎರಡನೇ ಪುಸ್ತಕ ಗುಟ್ಟಿನದು. ಯಾರಿಗೆ ಏನು ಗೊತ್ತು, ಯಾವಾಗ ಗೊತ್ತಾಯಿತು, ಗೊತ್ತಾದದ್ದನ್ನು ಏನು ಮಾಡಿದರು ಎಂದು ಅಧ್ಯಾಯವಾರು ಬರೆಯಿರಿ. ತಾಯಿ ಚಕ್ಕಿಗೆ ಬೇಗ ಗೊತ್ತಾಗುತ್ತದೆ, ಅವಳು ಎಚ್ಚರಿಸುತ್ತಾಳೆ. ದಡದ ಹೆಂಗಸರಿಗೆ ಅನುಮಾನವಿದೆ, ಜಗಳ ಬಂದಾಗ ಅದು ಆಯುಧವಾಗುತ್ತದೆ. ಅಪ್ಪನಿಗೆ ತಡವಾಗಿ ತಿಳಿಯುತ್ತದೆ. ಗಂಡ ಪಳನಿಗೆ ಮೊದಲು ಮುಟ್ಟುವುದು ಗಾಳಿಮಾತು, ಸತ್ಯವನ್ನು ಅವನು ಹೆಂಡತಿಯ ಬಾಯಿಂದಲೇ ಕೇಳುವುದು ಕೊನೆಗೆ. ನಿಷಿದ್ಧ ಪ್ರೇಮದ ಕಥೆಯಲ್ಲಿ ನೋಡುವವರ ಉಸಿರು ಹಿಡಿದಿಡುವುದು ಈ ಗುಟ್ಟಿನ ನಡಿಗೆ. ಪಳನಿಗೆ ಮೊದಲೇ ಎಲ್ಲವೂ ಗೊತ್ತಿದ್ದರೆ ದ್ವಿತೀಯಾರ್ಧ ಗಂಡ ಹೆಂಡಿರ ಜಗಳವಾಗಿ ನಿಲ್ಲುತ್ತದೆ. ಕೊನೆಯ ತನಕ ಏನೂ ಗೊತ್ತಿಲ್ಲದಿದ್ದರೆ ಅವನು ದಡ್ಡನಾಗುತ್ತಾನೆ. ಅನುಮಾನ ಇದೆ, ನಂಬಲು ಮನಸ್ಸಿಲ್ಲ ಎಂಬ ನಡುವಿನ ಸ್ಥಿತಿಯಲ್ಲಿ ಅವನನ್ನು ಎಷ್ಟು ಹೊತ್ತು ಇಡಬಲ್ಲಿರೋ ಅಷ್ಟು ಹೊತ್ತು ಚಿತ್ರ ನಿಮ್ಮ ಕೈಯಲ್ಲಿರುತ್ತದೆ.

ಪಳನಿಯನ್ನು ಕೆಟ್ಟವನನ್ನಾಗಿ ಮಾಡುವ ಆಸೆಗೆ ಬೀಳಬೇಡಿ. ಪ್ರೇಮಿಗಳ ಮೇಲೆ ಕನಿಕರ ಬರಲಿ ಎಂದು ಗಂಡನನ್ನು ಕುಡುಕ, ಹೊಡೆಯುವವ ಎಂದು ಬರೆಯುವುದು ಸುಲಭ. ಹಾಗೆ ಬರೆದ ಕೂಡಲೇ ನಿಷೇಧಕ್ಕೆ ಬೆಲೆ ಇಲ್ಲವಾಗುತ್ತದೆ, ಕೆಟ್ಟ ಗಂಡನನ್ನು ಬಿಟ್ಟರೆ ತಪ್ಪೇನು ಎಂದಾಗುತ್ತದೆ. ತಕಳಿಯವರ ಪಳನಿ ಅನಾಥ, ಕಸುಬಿನಲ್ಲಿ ಗಟ್ಟಿಗ, ಹೆಂಡತಿಯ ಮೇಲೆ ಬಂದ ಅಪವಾದಕ್ಕಾಗಿ ಜೊತೆಗಾರರು ದೋಣಿಯಿಂದ ದೂರ ಇಟ್ಟಾಗ ಅವಳನ್ನು ಬಿಟ್ಟುಕೊಡದೆ ಒಬ್ಬನೇ ಗಾಳ ಹಾಕಿ ಬದುಕುವವನು. ಅವನು ಕಥೆಗೆ ಬರುವುದೂ ತಡವಾಗಿ. ತಡವಾಗಿ ಬರುವ ಮುಖ್ಯ ಪಾತ್ರವನ್ನು ನೋಡುವವರು ಹೊರಗಿನವನೆಂದೇ ಕಾಣುತ್ತಾರೆ. ಆಗಲೇ ಮಲಯಾಳದ ದೊಡ್ಡ ನಟರಾಗಿದ್ದ ಸತ್ಯನ್ ಅವರನ್ನು ಆ ಪಾತ್ರಕ್ಕೆ ಹಾಕಿದ್ದರಿಂದ ಈ ತೊಡಕು ಬಗೆಹರಿಯಿತು. ಮಧು ಪರೀಕುಟ್ಟಿ, ಶೀಲಾ ಕರುತ್ತಮ್ಮ. ಮೂವರ ತೂಕವೂ ಸಮ. ನಿಮ್ಮ ಬಳಿ ಒಬ್ಬರೇ ಅನುಭವಿ ನಟರಿದ್ದರೆ ಗಂಡನ ಪಾತ್ರವನ್ನು ಅವರಿಗೆ ಕೊಡಿ.

ಇನ್ನು ಕಥೆಯನ್ನು ದಡದಿಂದ ದಡಕ್ಕೆ ತರುವ ವಿಷಯ. ನಿಮ್ಮ ತಂಡ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ.

ಮೊದಲ ತೊಡಕು ಪಂಚಾಂಗದ್ದು. ಆಲಪ್ಪುಳದ ಪುರಕ್ಕಾಡ್ ಕಡೆಯ ಕಡಲಿನಲ್ಲಿ ಮಳೆಗಾಲದಲ್ಲಿ ‘ಚಾಕರ’ ಬೀಳುತ್ತದೆ. ಕೆಸರು ತೇಲಿಬಂದು ಅಲೆಯನ್ನು ಅಡಗಿಸುತ್ತದೆ, ಆ ತುಂಡು ಕಡಲು ಕೆರೆಯಂತೆ ತಣ್ಣಗಾಗುತ್ತದೆ, ಸುತ್ತಲಿನ ಊರುಗಳ ದೋಣಿಗಳೆಲ್ಲ ಅಲ್ಲಿಗೆ ಬಂದು ಸೇರುತ್ತವೆ, ದಡದಲ್ಲಿ ದುಡ್ಡು ಹರಿದಾಡುತ್ತದೆ. ಚೆಂಬನ್‌ಕುಂಞು ಪಳನಿಯನ್ನು ಕಂಡುಕೊಳ್ಳುವುದು ಈ ಸುಗ್ಗಿಯಲ್ಲಿ. ನಮ್ಮಲ್ಲಿ ಮಳೆಗಾಲ ಎಂದರೆ ದೋಣಿ ಮೇಲೆ, ಒಲೆ ತಣ್ಣಗೆ. ನೂಲಹುಣ್ಣಿಮೆಯ ಹೊತ್ತಿಗೆ ಸಮುದ್ರ ಪೂಜೆ ಮಾಡಿ ಹಾಲು, ತೆಂಗಿನಕಾಯಿ ಬಿಟ್ಟ ಮೇಲೆ ಕಡಲಿಗಿಳಿಯುವುದು. ಅಳಿವೆ ಬಾಗಿಲಲ್ಲಿ, ಹೊಳೆಯಲ್ಲಿ ಬಲೆ ಬೀಸುವವರನ್ನು ಬಿಟ್ಟರೆ ಜೂನ್, ಜುಲೈ ಕೈ ಖಾಲಿಯ ತಿಂಗಳು. ಹಾಗಾಗಿ ಕಾದಂಬರಿಯ ಸುಗ್ಗಿಯ ದೃಶ್ಯಗಳನ್ನು ಮಳೆಯಲ್ಲೇ ಇಟ್ಟು ಮಲ್ಪೆಗೋ ಗಂಗೊಳ್ಳಿಗೋ ತಂದರೆ ನಿಮ್ಮೂರಿನ ಹಿರಿಯರೇ ಮೊದಲು ನಗುತ್ತಾರೆ. ಸುಗ್ಗಿಯನ್ನು ಮಳೆ ಮುಗಿದ ನಂತರಕ್ಕೆ, ಬೂತಾಯಿ ಮತ್ತು ಬಂಗುಡೆಯ ಕಾಲಕ್ಕೆ ತಳ್ಳಿ. ಸಾಲವನ್ನು ಮಳೆಗಾಲದ ಹಸಿವಿಗೆ ಹೊಂದಿಸಿ. ಹೀಗೆ ಮಾಡಿದರೆ ಒಂದು ಲಾಭವೂ ಇದೆ: ಅಪ್ಪ ಸಾಲ ಮಾಡುವುದಕ್ಕೆ ಆಸೆಯ ಜೊತೆಗೆ ಅನ್ನದ ಕಾರಣವೂ ಸೇರುತ್ತದೆ.

ಎರಡನೆಯದು ದೋಣಿ. ಕಾದಂಬರಿ 1956ರದು, ಯಂತ್ರದ ದೋಣಿಗಳು ಬರುವುದಕ್ಕೆ ಮೊದಲಿನ ದಡ. ನಮ್ಮ ಕರಾವಳಿಯಲ್ಲಿ ಆ ಕಾಲದ ದೊಡ್ಡ ಸಂಗತಿ ರಂಪಣಿ. ಒಂದು ಕಿಲೋಮೀಟರಿಗೂ ಉದ್ದದ ಬಲೆಯನ್ನು ದೋಣಿಯಲ್ಲಿ ಒಯ್ದು ಕಡಲಲ್ಲಿ ಬಳಸಿ ಹಾಕಿ, ಎರಡೂ ತುದಿಯನ್ನು ದಡದಿಂದ ಹತ್ತಾರು ಜನ ಎಳೆಯುತ್ತಿದ್ದರು. ಮನೆಮನೆಯವರೂ ಬಲೆಯ ತುಂಡು ಕೊಟ್ಟು ಪಾಲು ಪಡೆಯುತ್ತಿದ್ದರು. 1970ರ ದಶಕದ ಕೊನೆಯಲ್ಲಿ ದೊಡ್ಡ ಸುತ್ತುಬಲೆ ಹಾಕುವ ಯಂತ್ರದ ಪರ್ಸೀನ್ ಬೋಟುಗಳು ಬಂದ ಮೇಲೆ ಅದು ಕುಸಿಯಿತು. ನಿಮ್ಮ ಕಥೆಯ ಕಾಲವನ್ನು 1950 ಮತ್ತು 1970ರ ನಡುವೆ ಇಟ್ಟರೆ ಪಳನಿಯ ಬಹಿಷ್ಕಾರ ಇಲ್ಲಿ ಇನ್ನೂ ಕಣ್ಣಿಗೆ ಹೊಡೆಯುವಂತೆ ಬರುತ್ತದೆ. ಇಡೀ ಊರು ಹಗ್ಗ ಹಿಡಿದು ಎಳೆಯುತ್ತಿದೆ, ಒಬ್ಬನಿಗೆ ಹಗ್ಗ ಮುಟ್ಟಲು ಬಿಡುತ್ತಿಲ್ಲ. ಇದಕ್ಕೆ ಒಂದು ಮಾತೂ ಬೇಡ. ಟ್ರಾಲ್ ಬೋಟುಗಳ ಕಾಲಕ್ಕೆ ತಂದರೆ ಈ ಚಿತ್ರ ಸಿಗುವುದಿಲ್ಲ. ಬೋಟಿನ ಕೆಲಸ ಬಿಟ್ಟವನು ಇನ್ನೊಂದು ಬಂದರಿನಲ್ಲಿ ಕೆಲಸ ಹುಡುಕಿಕೊಳ್ಳಬಲ್ಲ.

ಮೂರನೆಯದು ಮನೆಯೊಳಗಿನ ಅಧಿಕಾರ. ನಮ್ಮ ಕರಾವಳಿಯ ಮೀನುಗಾರ ಸಮುದಾಯವಾದ ಮೊಗವೀರರಲ್ಲಿ ಅಳಿಯಸಂತಾನ ಇತ್ತು. ಬಳಿ, ಅಂದರೆ ಕುಲ, ತಾಯಿಯ ಕಡೆಯಿಂದ; ಆಸ್ತಿಯ ಮಾತಿನಲ್ಲಿ ಸೋದರಮಾವನಿಗೆ ತೂಕ. ‘ಚೆಮ್ಮೀನ್’ನ ಅಪ್ಪ ಒಬ್ಬನೇ ಎಲ್ಲ ತೀರ್ಮಾನವನ್ನೂ ಮಾಡುತ್ತಾನೆ. ನಿಮ್ಮಲ್ಲಿ ಅದನ್ನು ಅಪ್ಪ ಮತ್ತು ಮಾವ ಇಬ್ಬರಿಗೆ ಹಂಚಬೇಕಾಗುತ್ತದೆ, ಅಥವಾ ದೋಣಿಯ ಯಜಮಾನಿಕೆಯನ್ನು ಮಾವನಿಗೇ ಕೊಡಬೇಕಾಗುತ್ತದೆ. ಎರಡನೆಯದು ಒಳ್ಳೆಯದು ಎಂದು ನನಗೆ ಅನಿಸುತ್ತದೆ. ಸಾಲ ಮಾಡಿದವನು ಅಪ್ಪ, ದೋಣಿ ಯಾರ ಹೆಸರಿಗೆ ಎಂದು ಹೇಳುವವನು ಮಾವ ಎಂದಾದರೆ ಮಗಳ ಮದುವೆ ತಾನಾಗಿಯೇ ಆ ಇಬ್ಬರ ನಡುವಿನ ಹಗ್ಗಜಗ್ಗಾಟಕ್ಕೆ ಸಿಕ್ಕಿಕೊಳ್ಳುತ್ತದೆ. ಮೀನು ಹೊತ್ತು ಮಾರಿ ದುಡ್ಡು ತರುವುದು ಹೆಂಗಸರು ಎಂಬುದನ್ನೂ ಮರೆಯಬೇಡಿ. ತಾಯಿಯ ಸೆರಗಿನ ಗಂಟಿನಲ್ಲಿ ಎಷ್ಟಿದೆ ಎಂಬುದು ಲೆಕ್ಕದ ಪುಸ್ತಕದಲ್ಲಿ ಇರಲೇಬೇಕು.

ಪರೀಕುಟ್ಟಿಗೆ ಇಲ್ಲಿ ಸಹಜವಾದ ರೂಪ ಒಣಮೀನು ಮಾರುವ ಬ್ಯಾರಿ, ಅಂದರೆ ಕರಾವಳಿಯ ಮುಸ್ಲಿಮ್ ವ್ಯಾಪಾರಿ. ನಮ್ಮ ಕಡಲಿಗೆ ಇನ್ನೊಂದು ಸಂಪತ್ತಿದೆ, ಅದನ್ನು ನೀವು ಉಪಯೋಗಿಸದಿದ್ದರೆ ಬೇಸರ. ಮೊಗವೀರರು ನಂಬುವ ಬೊಬ್ಬರ್ಯ ದೈವದ ತಂದೆ, ದೈವದ ಕಥೆ ಹೇಳುವ ತುಳು ಹಾಡಾದ ಪಾಡ್ದನದ ಪ್ರಕಾರ, ಮುಸ್ಲಿಮ್ ವ್ಯಾಪಾರಿ. ಕಡಲಿಗೆ ಹೋಗುವಾಗ ಕೈಮುಗಿಯುವ ದೈವದ ಹುಟ್ಟಿನಲ್ಲೇ ಎರಡು ಧರ್ಮ ಕೂಡಿದೆ, ಅದೇ ದಡದಲ್ಲಿ ಅಂಥ ಕೂಡಿಕೆಗೆ ನಿಷೇಧವಿದೆ. ತಕಳಿಯವರ ದಡದಲ್ಲಿ ಈ ತಿರುವು ಇರಲಿಲ್ಲ. ಆದರೆ ಪಾಡ್ದನವನ್ನು ಹಾಡಾಗಿ ತಿರುಚುವುದು, ಕೋಲದ ದೃಶ್ಯವನ್ನು ಅಬ್ಬರಕ್ಕೆ ಬಳಸುವುದು ಬೇಡ. ದೈವಸ್ಥಾನದ ಹಿರಿಯರೊಂದಿಗೆ ಮಾತಾಡಿ, ಏನು ತೋರಿಸಬಹುದು ಏನು ಕೂಡದು ಎಂದು ಕೇಳಿಕೊಂಡೇ ಬರೆಯಿರಿ.

ಕಡಲಮ್ಮನ ಕಟ್ಟುಪಾಡನ್ನು ಮಾತ್ರ ಇದ್ದ ಹಾಗೆ ತಂದು ಇಲ್ಲಿ ನೆಡಬೇಡಿ. ಹೆಂಡತಿ ದಡದಲ್ಲಿ ಶುದ್ಧಳಾಗಿದ್ದರೆ ಗಂಡ ಕಡಲಿನಿಂದ ಮರಳುತ್ತಾನೆ, ತಪ್ಪಿದರೆ ಕಡಲು ನುಂಗುತ್ತದೆ ಎಂಬ ಆ ನಂಬಿಕೆಯ ಬಗ್ಗೆ ಕೇರಳದಲ್ಲೇ ತಕರಾರು ಎದ್ದಿತ್ತು. ಮೀನುಗಾರರಾದ ಅರಯ ಸಮುದಾಯದವರೇ ಆದ ಡಾ. ವಿ.ವಿ. ವೇಲುಕ್ಕುಟ್ಟಿ ಅರಯನ್ ಕಾದಂಬರಿಯ ಮೇಲೆ ಒಂದು ವಿಮರ್ಶಾ ಪುಸ್ತಕವನ್ನೇ ಬರೆದರು. ನಿಮ್ಮ ದಡದಲ್ಲಿ ಗಂಡ ಕಡಲಲ್ಲಿರುವಾಗ ಹೆಂಗಸರು ಏನು ಮಾಡುತ್ತಿದ್ದರು, ಏನು ಮಾಡುತ್ತಿರಲಿಲ್ಲ ಎಂದು ಎಪ್ಪತ್ತು ದಾಟಿದವರನ್ನು ಕೇಳಿ. ಒಬ್ಬರು ಹೇಳಿದ್ದನ್ನು ನಂಬಬೇಡಿ. ಬೇರೆ ಬೇರೆ ಮನೆಯ ಮೂವರು ಕೇಳದೆಯೇ ಅದೇ ಮಾತು ಹೇಳಿದರೆ ಅದನ್ನು ಬರೆದುಕೊಳ್ಳಿ.

ಈಗ ಮುಕ್ತಾಯದ ಪ್ರಶ್ನೆ. ಮೂಲದಲ್ಲಿ ಪಳನಿ ಇರುಳಲ್ಲಿ ಒಬ್ಬನೇ ಕಡಲಿಗೆ ಹೋಗಿ ದೊಡ್ಡ ಶಾರ್ಕ್ ಒಂದನ್ನು ಗಾಳಕ್ಕೆ ಹಿಡಿಯುತ್ತಾನೆ. ಅದು ಅವನನ್ನು ಎಳೆದೊಯ್ಯುತ್ತದೆ, ಸುಳಿ ನುಂಗುತ್ತದೆ. ಅದೇ ರಾತ್ರಿ ಕರುತ್ತಮ್ಮ ಮತ್ತು ಪರೀಕುಟ್ಟಿ ಸೇರುತ್ತಾರೆ. ಎರಡು ದಿನದ ಮೇಲೆ ಅಪ್ಪಿಕೊಂಡ ಎರಡು ಹೆಣಗಳು ದಡಕ್ಕೆ ಬರುತ್ತವೆ, ಬೇರೆ ಕಡೆ ಗಾಳ ಕಚ್ಚಿದ ಶಾರ್ಕ್ ಬಂದು ಬೀಳುತ್ತದೆ. ಕಾದಂಬರಿ ಓದುವಾಗ ನಾವು ನಿಲ್ಲಿಸಿ ಯೋಚಿಸಬಹುದು: ಇವನು ಸತ್ತದ್ದು ಹೆಂಡತಿಯಿಂದಲೋ, ಒಂಟಿಯಾಗಿ ಕಡಲಿಗಟ್ಟಿದ ಊರಿನಿಂದಲೋ? ಸಿನಿಮಾದಲ್ಲಿ ಆ ಬಿಡುವಿಲ್ಲ. ಪ್ರೇಮಿಗಳ ಅಪ್ಪುಗೆ, ಸುಳಿ, ಅಪ್ಪುಗೆ, ಸುಳಿ ಎಂದು ಒಂದರ ಪಕ್ಕ ಒಂದು ಜೋಡಿಸಿದರೆ ನೋಡುವ ಕಣ್ಣು ಒಂದನ್ನು ಕಾರಣ, ಇನ್ನೊಂದನ್ನು ಫಲ ಎಂದು ಓದಿಬಿಡುತ್ತದೆ. ಸಂಕಲನದ ಗುಣವೇ ಅದು. ನಿಮ್ಮ ಆಕ್ಷೇಪ ಹುಟ್ಟುವುದು ಇಲ್ಲಿ.

ಪರಿಹಾರ ಸಂಭಾಷಣೆಯಲ್ಲಿ ಇಲ್ಲ. ‘ಇದೆಲ್ಲ ಮೂಢನಂಬಿಕೆ’ ಎಂದು ಒಬ್ಬ ಮೇಷ್ಟ್ರ ಬಾಯಲ್ಲಿ ಹೇಳಿಸಿದರೆ ಚಿತ್ರ ಅಲ್ಲೇ ಸಾಯುತ್ತದೆ. ಪರಿಹಾರ ದೃಶ್ಯಗಳ ಕ್ರಮದಲ್ಲಿದೆ. ಮೊದಲು ಪಳನಿ ಒಂಟಿಯಾಗಿ ಸಣ್ಣ ದೋಣಿಯಲ್ಲಿ, ಹಿಡಿಯಲು ಎರಡನೆಯ ಕೈಯಿಲ್ಲದೆ ಅಪಾಯಕ್ಕೆ ಸಿಕ್ಕಿದ ಒಂದು ರಾತ್ರಿಯನ್ನು ಚಿತ್ರದ ನಡುವೆಯೇ ತೋರಿಸಿ. ಆ ರಾತ್ರಿ ಅವನು ಬದುಕಿ ಬರಲಿ. ಆಗ ಅಪಾಯಕ್ಕೆ ಕಾರಣ ಒಂಟಿತನ ಎಂಬುದು ಕೊನೆಗಿಂತ ಮೊದಲೇ ನೋಡುವವರ ಮನಸ್ಸಿನಲ್ಲಿ ಕೂರುತ್ತದೆ. ಕೊನೆಯಲ್ಲಿ ಶಾರ್ಕ್ ಗಾಳ ಕಚ್ಚಿ ದೋಣಿ ದಿಕ್ಕು ತಪ್ಪುವುದನ್ನು ಪ್ರೇಮಿಗಳು ಎದುರಾಗುವ ಮೊದಲೇ ಮುಗಿಸಿ. ಅವರ ಭೇಟಿಯ ದೃಶ್ಯ ಶುರುವಾದ ಮೇಲೆ ಕಡಲಿಗೆ ಹಿಂತಿರುಗಬೇಡಿ. ಬೇಕಾದರೆ ದೂರದ ಅಲೆಯ ಸದ್ದನ್ನು ಮಾತ್ರ ಉಳಿಸಿ. ನಂಬುವವರಿಗೆ ನಂಬಿಕೆಯೂ ಉಳಿಯುತ್ತದೆ, ಪ್ರಶ್ನಿಸುವವರಿಗೆ ಜಾಗವೂ ಸಿಗುತ್ತದೆ. ಕರುತ್ತಮ್ಮ ಕೊನೆಗೆ ತಾನಾಗಿಯೇ ಪರೀಕುಟ್ಟಿಯ ಬಳಿ ಹೋಗುತ್ತಾಳೆ ಎಂಬುದನ್ನು ಮಾತ್ರ ಬದಲಿಸಬೇಡಿ. ಅವಳನ್ನು ನಿರಪರಾಧಿ ಮಾಡಲು ಹೋಗಿ ಆ ಹೆಜ್ಜೆಯನ್ನು ಕಿತ್ತುಕೊಂಡರೆ ಪಾತ್ರವನ್ನೇ ಕಿತ್ತುಕೊಂಡಂತೆ.

ಬರೆಯುವ ಕ್ರಮ ಹೀಗಿರಲಿ. ಕಾದಂಬರಿಯನ್ನು ಒಮ್ಮೆ ಪೆನ್ಸಿಲ್ ಇಲ್ಲದೆ ಓದಿ. ಎರಡನೆಯ ಓದಿಗೆ ಮೂರು ಬಣ್ಣ ಇಟ್ಟುಕೊಳ್ಳಿ: ಕಣ್ಣಿಗೆ ಕಾಣುವುದು ಮತ್ತು ಕಿವಿಗೆ ಕೇಳುವುದು ಒಂದು, ಪಾತ್ರದ ಮನಸ್ಸಿನಲ್ಲಿ ನಡೆಯುವುದು ಇನ್ನೊಂದು, ಲೇಖಕರು ತಾವಾಗಿ ಹೇಳುವ ಪದ್ಧತಿ ಮತ್ತು ಚರಿತ್ರೆ ಮೂರನೆಯದು. ಮೊದಲ ಬಣ್ಣ ನೇರ ದೃಶ್ಯವಾಗುತ್ತದೆ. ಮೂರನೆಯದು ವಸ್ತುವಾಗಿ, ಕೆಲಸವಾಗಿ, ಆಚರಣೆಯಾಗಿ ಬದಲಾಗಬೇಕು. ಕಷ್ಟ ಇರುವುದು ಎರಡನೆಯದರಲ್ಲಿ. ಹೊಸಬರು ಅಲ್ಲೆಲ್ಲ ಹಿನ್ನೆಲೆ ದನಿಯನ್ನು ಹಾಕುತ್ತಾರೆ. ಕರುತ್ತಮ್ಮ ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಅವಳ ದನಿಯಲ್ಲೇ ಕೇಳಿಸಿದರೆ ಗುಟ್ಟು ಎಂಬುದೇ ಇರುವುದಿಲ್ಲ.

‘ಚೆಮ್ಮೀನ್’ ಸಿನಿಮಾ ಈ ಕಷ್ಟವನ್ನು ಹಾಡಿನಿಂದ ದಾಟಿತು. ವಯಲಾರ್ ರಾಮವರ್ಮ ಬರೆದು ಸಲೀಲ್ ಚೌಧರಿ ಸಂಗೀತ ಕೊಟ್ಟ ಹಾಡುಗಳು ನಾಲ್ಕೇ. ಒಂದೊಂದೂ ಕಾದಂಬರಿಯ ಹತ್ತಾರು ಪುಟಗಳ ಕೆಲಸ ಮಾಡುತ್ತದೆ. ‘ಪೆಣ್ಣಾಳೇ ಪೆಣ್ಣಾಳೇ’ ಎಂಬ ಗುಂಪು ಹಾಡು ಕೇಳಿ: ಮುತ್ತು ತರಲು ಕಡಲಿಗೆ ಹೋದ ಒಬ್ಬ ಮುಕ್ಕುವ ಹೆಂಡತಿಯ ತಪಸ್ಸಿನಿಂದ ಮರಳಿ ಬಂದದ್ದು, ಹೆಂಡತಿ ತಪ್ಪಿದ್ದರಿಂದ ಇನ್ನೊಬ್ಬನನ್ನು ಕಡಲಮ್ಮ ಒಯ್ದದ್ದು, ಎರಡೂ ಅದರಲ್ಲಿ ಬಂದುಹೋಗುತ್ತವೆ. ಕಾದಂಬರಿಯಲ್ಲಿ ಚಕ್ಕಿ ಮಗಳಿಗೆ ಹೇಳುವ ಎಚ್ಚರಿಕೆ ಇಲ್ಲಿ ಇಡೀ ಊರು ನಲಿಯುತ್ತಾ ಹಾಡುವ ಹಾಡಾಗಿದೆ. ಕಾನೂನನ್ನು ಊರೇ ಸಂತೋಷದಿಂದ ಹಾಡುವಾಗ ಅದು ಇನ್ನಷ್ಟು ಭಯ ಹುಟ್ಟಿಸುತ್ತದೆ. ‘ಪುತ್ತನ್ ವಲಕ್ಕಾರೇ’ ಚಾಕರದ ಸುಗ್ಗಿಯನ್ನು ಹೇಳುತ್ತದೆ. ಮನ್ನಾ ಡೇ ಹಾಡಿದ ‘ಮಾನಸ ಮೈನೇ ವರೂ’ ಪರೀಕುಟ್ಟಿಯ ಬಾಯಿಗೆ ಬಾರದ ಎಲ್ಲವನ್ನೂ ಹೇಳುತ್ತದೆ. ಕಾದಂಬರಿಯಲ್ಲೂ ಅವನು ರಾತ್ರಿ ದಡದಲ್ಲಿ ಹಾಡುವವನೇ. ಹಾಗಾಗಿ ಹಾಡು ಹೊರಗಿನಿಂದ ಅಂಟಿಸಿದ್ದಲ್ಲ. ನಿಮ್ಮ ಚಿತ್ರಕಥೆಯಲ್ಲಿ ಹಾಡು ಬರುವ ಪ್ರತಿ ಜಾಗದಲ್ಲೂ ಪಕ್ಕದಲ್ಲಿ ಬರೆಯಿರಿ: ಇದು ಯಾವ ಪುಟಗಳ ಬದಲಿಗೆ ಬಂದಿದೆ? ಉತ್ತರವಿಲ್ಲದ ಹಾಡನ್ನು ತೆಗೆಯಿರಿ.

ಆಮೇಲೆ ಚೀಟಿಗಳು. ಎರಡು ಗಂಟೆಯ ಚಿತ್ರಕ್ಕೆ ಐವತ್ತರಿಂದ ಅರವತ್ತೈದು ದೃಶ್ಯ ಸಾಕು. ಒಂದು ಚೀಟಿಗೆ ಒಂದು ದೃಶ್ಯ: ಜಾಗ, ಹೊತ್ತು, ಯಾರಿದ್ದಾರೆ, ದೃಶ್ಯ ಮುಗಿಯುವಾಗ ಏನು ಬದಲಾಯಿತು. ಏನೂ ಬದಲಾಗದ ಚೀಟಿಯನ್ನು ಹರಿಯಿರಿ, ಎಷ್ಟೇ ಸುಂದರವಾಗಿದ್ದರೂ. ಹೆಂಡತಿ ಸತ್ತ ಮೇಲೆ ಚೆಂಬನ್‌ಕುಂಞು ಇನ್ನೊಂದು ಮದುವೆಯಾಗಿ ಕುಸಿಯುವ ಭಾಗದಲ್ಲಿ ನಿಮಗೆ ತೊಂದರೆ ಬರುತ್ತದೆ. ಕಾದಂಬರಿಯಲ್ಲಿ ಅದು ಸೊಗಸಾಗಿ ಬೆಳೆಯುತ್ತದೆ, ತೆರೆಯ ಮೇಲೆ ಕರುತ್ತಮ್ಮನಿಂದ ದೂರ ಹೋಗುವ ಪ್ರತಿ ನಿಮಿಷವೂ ಭಾರ. ಆ ಭಾಗವನ್ನು ತಂಗಿ ಪಂಚಮಿಯ ಕಣ್ಣಿನಿಂದ ಮಾತ್ರ ತೋರಿಸಿ. ಅವಳೇ ಮುಂದೆ ಅಕ್ಕನ ಮನೆಗೆ ಆ ಸುದ್ದಿಯನ್ನೂ ಪರೀಕುಟ್ಟಿಯ ಸುದ್ದಿಯನ್ನೂ ಹೊತ್ತು ಬರುವವಳು. ಹಾಗಾಗಿ ಎರಡೂ ಎಳೆ ಅಲ್ಲಿ ಸೇರುತ್ತವೆ.

ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕ ಕನ್ನಡದಲ್ಲಿ ನಿಲ್ಲುವುದಿಲ್ಲ. ಎಡಕ್ಕೆ ದೃಶ್ಯ, ಬಲಕ್ಕೆ ಮಾತು ಎಂದು ಎರಡು ಅಂಕಣದಲ್ಲಿ ಬರೆಯುವ ನಮ್ಮ ರೂಢಿಗೆ ಅದು ಹೊಂದುವುದೇ ಇಲ್ಲ. ಪ್ರತಿ ದೃಶ್ಯವನ್ನೂ ಗಟ್ಟಿಯಾಗಿ ಓದಿ, ನಡಿಗೆ ಮತ್ತು ಮೌನಕ್ಕೂ ಹೊತ್ತು ಕೊಟ್ಟು, ಗಡಿಯಾರ ಹಿಡಿದು ಅಳೆಯಿರಿ. ಮೊದಲ ಕರಡು ಎರಡೂವರೆ ಗಂಟೆ ದಾಟಿದರೆ ಗಾಬರಿ ಬೇಡ. ಕುಂದಾಪ್ರ ಕನ್ನಡದಲ್ಲಿ ಮಾತು ಬರೆದಾಗ ಅದು ತಾನಾಗಿಯೇ ಚಿಕ್ಕದಾಗುತ್ತದೆ. ಗ್ರಂಥಭಾಷೆಯಲ್ಲಿ ಬರೆದು ಆಮೇಲೆ ಕುಂದಾಪ್ರಕ್ಕೆ ತಿರುಗಿಸುವುದು ಮಾತ್ರ ಬೇಡ, ವಾಕ್ಯದ ಬೆನ್ನೆಲುಬು ಹಳೆಯದೇ ಉಳಿಯುತ್ತದೆ.

ದಡದಲ್ಲಿ ಚಿತ್ರೀಕರಣದ ಬಗ್ಗೆ ಬರೆಯುವಾಗಲೇ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಪಡುಗಡಲಿನಲ್ಲಿ ಬೆಳಗ್ಗೆ ಕಡಲಿಗೆ ಮುಖ ಮಾಡಿದ ಕ್ಯಾಮೆರಾಕ್ಕೆ ಬೆಳಕು ಹಿಂದಿನಿಂದ ಬಂದು ಮುಖಗಳು ಸ್ಪಷ್ಟ ಕಾಣುತ್ತವೆ. ಸಂಜೆ ಅದೇ ಜಾಗದಲ್ಲಿ ಮನುಷ್ಯರು ಕಪ್ಪು ನೆರಳಾಗುತ್ತಾರೆ. ಯಾವ ದೃಶ್ಯಕ್ಕೆ ಮುಖ ಬೇಕು, ಯಾವುದಕ್ಕೆ ಆಕಾರ ಸಾಕು ಎಂದು ಚೀಟಿಯಲ್ಲೇ ಗುರುತಿಸಿ. ಭರತಕ್ಕೂ ಇಳಿತಕ್ಕೂ ನಡುವೆ ಸುಮಾರು ಆರು ಗಂಟೆ, ಪ್ರತಿ ದಿನ ಅದು ಐವತ್ತು ನಿಮಿಷದಷ್ಟು ಮುಂದೆ ಹೋಗುತ್ತದೆ. ಹಾಗಾಗಿ ನಿನ್ನೆ ಅರ್ಧ ತೆಗೆದ ದೃಶ್ಯವನ್ನು ಇಂದು ಅದೇ ಹೊತ್ತಿಗೆ ಮುಂದುವರಿಸಿದರೆ ಒದ್ದೆ ಮರಳಿನ ಗೆರೆ ಜಾಗ ಬದಲಿಸಿರುತ್ತದೆ. ಉದ್ದದ ಸಂಭಾಷಣೆಯನ್ನು ನೀರಿನಂಚಿನಲ್ಲಿ ಇಡಬೇಡಿ, ದೋಣಿಯ ಮರೆಗೆ ತನ್ನಿ. ಅಲೆಯ ಸದ್ದು ಮಾತನ್ನು ತಿನ್ನುವುದಷ್ಟೇ ಅಲ್ಲ, ಎರಡು ತುಣುಕು ಜೋಡಿಸಿದಾಗ ನಡುವೆ ಅಲೆ ಮುರಿದು ಕೇಳುತ್ತದೆ. ಪ್ರತಿ ಜಾಗದಲ್ಲೂ ಎಲ್ಲರೂ ಬಾಯಿ ಮುಚ್ಚಿ ಮೂರು ನಿಮಿಷ ಬರೀ ಕಡಲಿನ ಸದ್ದನ್ನು ಹಿಡಿದಿಟ್ಟುಕೊಂಡರೆ ಸಂಕಲನದಲ್ಲಿ ಉಳಿದುಕೊಳ್ಳುತ್ತೀರಿ. ‘ಚೆಮ್ಮೀನ್’ನ ಬಣ್ಣದ ಕಡಲು ಇಂದಿಗೂ ಕಣ್ಣಲ್ಲಿ ನಿಲ್ಲುವುದಕ್ಕೆ ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ ಅವರ ಬೆಳಕಿನ ತಿಳಿವಳಿಕೆ ಕಾರಣ. 1965ರ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪತಿಗಳ ಚಿನ್ನದ ಪದಕ ಅದಕ್ಕೆ ಬಂತು, ದಕ್ಷಿಣದ ಚಿತ್ರವೊಂದಕ್ಕೆ ಅದು ಮೊದಲ ಸಲ.

ಹಕ್ಕಿನ ವಿಷಯ. ಭಾರತದ ಕೃತಿಸ್ವಾಮ್ಯ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ಜನವರಿ 1ರಿಂದ ಅರವತ್ತು ವರ್ಷ ಹಕ್ಕು ವಾರಸುದಾರರದು. ತಕಳಿಯವರು 1999ರಲ್ಲಿ ತೀರಿಕೊಂಡರು, ಅಂದರೆ 2059ರ ಡಿಸೆಂಬರ್ ಕೊನೆಯವರೆಗೆ. ಊರು, ಹೆಸರು, ಧರ್ಮ ಬದಲಿಸಿದರೂ ಕಥೆಯ ಕಟ್ಟು, ಪಾತ್ರಗಳ ಸಂಬಂಧ, ಘಟನೆಗಳ ಕ್ರಮ ಅವರದೇ ಆಗಿದ್ದರೆ ಅನುಮತಿ ಬೇಕು. ‘ಆಧಾರಿತ’ ಎನ್ನುವ ಬದಲು ‘ಪ್ರೇರಿತ’ ಎಂದು ಹಾಕಿದರೆ ಕಾನೂನು ಬದಲಾಗುವುದಿಲ್ಲ. ಮೊದಲು ವಾರಸುದಾರರ ಬಳಿ ಸಿನಿಮಾ ಹಕ್ಕು ಇನ್ನೂ ಇದೆಯೇ, ಹಿಂದೆ ಯಾರಿಗಾದರೂ ಬರೆದುಕೊಟ್ಟಿದ್ದಾರೆಯೇ ಎಂದು ಲಿಖಿತವಾಗಿ ಕೇಳಿ. ನೀವು ಅನುವಾದದಲ್ಲಿ ಓದಿದ್ದರೆ ಆ ಅನುವಾದದ ಮಾತುಗಳಿಗೆ ಬೇರೆ ಹಕ್ಕಿದೆ. ಸಂಭಾಷಣೆಯನ್ನು ಅದರಿಂದ ಎತ್ತಿಕೊಳ್ಳುವಂತಿಲ್ಲ. ಸಿನಿಮಾದಲ್ಲಿ ಹೊಸದಾಗಿ ಸೇರಿಸಿದ ದೃಶ್ಯ, ಹಾಡು, ಮಾತುಗಳಿಗೂ ಹಾಗೆಯೇ. ಎಸ್.ಎಲ್. ಪುರಂ ಸದಾನಂದನ್ ಅವರ ಚಿತ್ರಕಥೆ ಬೇರೆಯೇ ಕೃತಿ. ಕಾದಂಬರಿಯನ್ನು ಮೇಜಿನ ಮೇಲೆ ಇಟ್ಟುಕೊಂಡು, ಸಿನಿಮಾವನ್ನು ಮತ್ತೆ ನೋಡದೆ ಬರೆಯುವುದೇ ಕ್ಷೇಮ.

ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದು ತಿಳಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತು ಬರೆದಿರದ ಹೊರತು, ಅದು ಬಿದ್ದುಹೋಗುತ್ತದೆ. ಹೊಸ ತಂಡಗಳು ಎಡವುವುದು ಇಲ್ಲೇ: ಹಕ್ಕು ಬರೆಸಿಕೊಂಡ ಮೇಲೆ ದುಡ್ಡು ಹೊಂದಿಸಲು ಎರಡು ವರ್ಷ ಹಿಡಿಯುತ್ತದೆ, ಕ್ಯಾಮೆರಾ ಇಡುವ ಹೊತ್ತಿಗೆ ಕೈಯಲ್ಲಿರುವುದು ಬೆಲೆಯಿಲ್ಲದ ಕಾಗದ. ಆದ್ದರಿಂದ ಅವಧಿ, ಪ್ರದೇಶ, ಭಾಷೆ, ಚಿತ್ರಮಂದಿರ, ಟಿವಿ, ಓಟಿಟಿ ಎಲ್ಲವನ್ನೂ ಹೆಸರಿಟ್ಟು ಬರೆಸಿ. ಬದಲಾವಣೆಯ ಸಾಲೂ ಬೇಕು: ಕಾಲ, ಊರು, ಸಮುದಾಯ, ಮುಕ್ತಾಯದ ಕ್ರಮ ಬದಲಾಗುತ್ತದೆ ಎಂದು ಸ್ಪಷ್ಟವಾಗಿ ಬರೆದು ಒಪ್ಪಿಗೆ ಪಡೆಯಿರಿ. ಹಿಂದಿ ಲೇಖಕಿ ಮನ್ನು ಭಂಡಾರಿಯವರ ಕಾದಂಬರಿ ಸಿನಿಮಾ ಆದಾಗ ಬಂದ ತಕರಾರಿನಲ್ಲಿ 1986ರಲ್ಲಿ ದೆಹಲಿ ಹೈಕೋರ್ಟ್ ಕೊಟ್ಟ ತೀರ್ಪು ಇಂದಿಗೂ ದಾರಿದೀಪ. ಸಿನಿಮಾಕ್ಕೆ ಬೇಕಾದ ಮಾರ್ಪಾಡಿಗೆ ಅವಕಾಶವಿದೆ, ಕೃತಿಯನ್ನೇ ವಿರೂಪ ಮಾಡಲು ಹಕ್ಕು ಕೊಂಡವರಿಗೂ ಅಧಿಕಾರವಿಲ್ಲ ಎಂಬುದು ಅದರ ಸಾರ.

ಹಕ್ಕು ಸಿಗದಿದ್ದರೆ ಇದೇ ವಿಧಾನವನ್ನು ಕನ್ನಡದ ಬೇರೆ ಕೃತಿಗೆ ಬಳಸಬಹುದು. ವಿಧವೆಯ ಮರುಮದುವೆಯ ಸುತ್ತ ಕಟ್ಟಿದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರದು, ಕರಾವಳಿಯದೇ ಕಾದಂಬರಿ, ಅದಕ್ಕೆ ಯಾರ ಅನುಮತಿಯೂ ಬೇಡ. ತ್ರಿವೇಣಿಯವರು 1963ರಲ್ಲಿ ತೀರಿಕೊಂಡದ್ದರಿಂದ ಅವರ ಜೀವಿತಕಾಲದಲ್ಲಿ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಿಂದ ಎಲ್ಲರವು. ಅವರ ನಂತರ ಪ್ರಕಟವಾದವಕ್ಕೆ ಅರವತ್ತು ವರ್ಷವನ್ನು ಪ್ರಕಟಣೆಯ ವರ್ಷದಿಂದ ಎಣಿಸಬೇಕು, ಹಾಗಾಗಿ ಮೊದಲ ಮುದ್ರಣದ ಪುಟವನ್ನು ನೋಡಿಯೇ ಮುಂದುವರಿಯಿರಿ.